ಅರ್ಧ ಲೆಕ್ಕ ಬೇಡ, ಪೂರ್ತಿ ಲೆಕ್ಕ ಕೊಡಿ!

ಟೆಕ್ಸಾಸಿನ ಕನ್ನಡ ಬಂಧುಗಳೇ,

ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತಿರಬಹುದು, ಅರ್ವಿಂಗಿನ ಕಿರಾಣಿ ಅಂಗಡಿ ಮುಂದೆ ಕಾರು ನಿಲ್ಲಿಸುತ್ತಿರಬಹುದು. ಈ ಕಾಗದವನ್ನು ಮಡಿಸಿ ಜೇಬಿಗೆ ತುರುಕುವ ಮುಂಚೆ ಹತ್ತು ನಿಮಿಷ ಕೊಡಿ. ಇದು ಚಂದಾ ಎತ್ತುವ ಕಾಗದವಲ್ಲ. ಯಾವ ಪಕ್ಷದ್ದೂ ಅಲ್ಲ. ಇದನ್ನು ಹಂಚುತ್ತಿರುವ ನಮ್ಮಲ್ಲಿ ರಿಪಬ್ಲಿಕನ್ನರಿಗೆ ಮತ ಹಾಕಿದವರಿದ್ದಾರೆ, ಡೆಮಾಕ್ರಾಟರಿಗೆ ಹಾಕಿದವರಿದ್ದಾರೆ, ಮತದ ಹಕ್ಕೇ ಇಲ್ಲದೆ ಗ್ರೀನ್ ಕಾರ್ಡಿನ ಸರದಿಯಲ್ಲಿ ಕೂತು ತಲೆ ನರೆತವರೂ ಇದ್ದಾರೆ.

ವಿಷಯ ಒಂದೇ. ಟೆಕ್ಸಾಸಿನ ಸಾರ್ವಜನಿಕ ಸುರಕ್ಷತಾ ಇಲಾಖೆ, ಅಂದರೆ ಡ್ರೈವಿಂಗ್ ಲೈಸೆನ್ಸಿಗೆಂದು ನಾವೆಲ್ಲ ಸಾಲು ನಿಂತ ಅದೇ ಡಿಪಿಎಸ್, ಅಪರಾಧದ ಲೆಕ್ಕವೊಂದನ್ನು ಪ್ರಕಟಿಸುತ್ತದೆ. ರಾಜ್ಯದ ಕೌಂಟಿ ಜೈಲುಗಳಿಗೆ ಬಂದವರಲ್ಲಿ ಅಕ್ರಮ ವಲಸಿಗರು ಎಷ್ಟು, ಅವರ ಮೇಲೆ ಬಿದ್ದ ಆರೋಪ ಎಷ್ಟು, ಅದರಲ್ಲಿ ಕೊಲೆ ಎಷ್ಟು, ದರೋಡೆ ಎಷ್ಟು, ಮಾದಕವಸ್ತು ಎಷ್ಟು ಎಂಬ ಲೆಕ್ಕ. 2011ರ ಜೂನ್ 1ರಿಂದ ಶುರುವಾದದ್ದು. ಎಣಿಕೆ ಎರಡು ಲಕ್ಷ ಜನರನ್ನು ದಾಟಿ ವರ್ಷಗಳೇ ಆದವು. ಚುನಾವಣೆ ಬಂತೆಂದರೆ ಈ ಅಂಕಿ ಕೆಂಪು ಅಕ್ಷರದ ಚಿತ್ರವಾಗಿ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಇಳಿಯುತ್ತದೆ. ‘ನೋಡಿ ಸ್ವಾಮಿ, ಇಷ್ಟು ಜನ!’ ಎಂದು ಒಬ್ಬರು, ‘ಅದಕ್ಕೇ ಹೇಳಿದ್ದು’ ಎಂದು ಇನ್ನೊಬ್ಬರು. ಕೈಮುಗಿದ ಗುರುತು ಹಾಕಿ ಮೂರನೆಯವರು ಊರಿನ ಗುಂಪಿಗೂ ಕಳಿಸುತ್ತಾರೆ.

ನಾವು ಕೇಳುವುದಿಷ್ಟೇ: ಈ ಲೆಕ್ಕ ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧವನ್ನು ರಾಜ್ಯದಿಂದ ಕೇಳಿ ಪಡೆಯೋಣ. ಪಡೆಯುವತನಕ ಈ ಅರ್ಧವನ್ನು ಮುಂದಕ್ಕೆ ಕಳಿಸುವುದನ್ನು ನಿಲ್ಲಿಸೋಣ.

ಮೊದಲು ನಮ್ಮ ಮನೆಯ ಸಾವಿನ ಮಾತು

2025ರ ಸೆಪ್ಟೆಂಬರ್ 10ರಂದು ಡಾಲಸ್‌ನ ಮೋಟೆಲೊಂದರಲ್ಲಿ ಕರ್ನಾಟಕ ಮೂಲದ ಮ್ಯಾನೇಜರ್ ಒಬ್ಬರು ಮನೆಯವರ ಕಣ್ಣೆದುರೇ ಕೊಲೆಯಾದರು. ಹೆಸರು ನಿಮಗೆಲ್ಲ ಗೊತ್ತು, ಇಲ್ಲಿ ಬರೆಯುವುದಿಲ್ಲ. ಆರೋಪಿ ಕ್ಯೂಬಾದವನು, ದೇಶದಲ್ಲಿರಲು ಅನುಮತಿ ಇಲ್ಲದವನು, ಹಿಂದೆಯೂ ಪೊಲೀಸ್ ದಾಖಲೆ ಇದ್ದವನು. ಕ್ಯೂಬಾ ವಾಪಸ್ ಕರೆಸಿಕೊಳ್ಳಲು ಒಪ್ಪಲಿಲ್ಲವೆಂದು ಅದೇ ವರ್ಷದ ಜನವರಿಯಲ್ಲಿ ವಲಸೆ ಇಲಾಖೆ ಅವನನ್ನು ನಿಗಾ ಆದೇಶದ ಮೇಲೆ ಹೊರಗೆ ಬಿಟ್ಟಿತ್ತು. ಈ ಮಾತನ್ನು ಮುಚ್ಚಿಟ್ಟು ಯಾರಾದರೂ ಕನ್ನಡಿಗರ ಮುಂದೆ ವಲಸೆ ಮತ್ತು ಅಪರಾಧದ ಭಾಷಣ ಮಾಡಿದರೆ ಅವರಿಗೆ ಕಿವಿಗೊಡಬೇಡಿ. ನಾವೂ ಮುಚ್ಚಿಡುವುದಿಲ್ಲ.

ಸಿಟ್ಟು ನ್ಯಾಯವಾದದ್ದೇ. ಅದು ಎಲ್ಲಿಗೆ ಹೋಗಬೇಕು ಎಂಬುದು ಪ್ರಶ್ನೆ. ಆ ಕಡತಕ್ಕೆ ಕೇಳಬೇಕಾದ ಪ್ರಶ್ನೆಗಳು ಸ್ಪಷ್ಟವಾಗಿವೆ. ತವರುದೇಶ ಕರೆಸಿಕೊಳ್ಳದವನನ್ನು ಎಷ್ಟು ದಿನ ಒಳಗಿಡಬಹುದು? 2001ರಲ್ಲಿ ಸುಪ್ರೀಂ ಕೋರ್ಟು, ಗಡೀಪಾರು ಸಮೀಪದಲ್ಲಿ ಸಾಧ್ಯವಾಗುವ ಲಕ್ಷಣವಿಲ್ಲದಿದ್ದರೆ ಸುಮಾರು ಆರು ತಿಂಗಳ ಆಚೆಗೆ ಕಾರಣವಿಲ್ಲದೆ ಹಿಡಿದಿಡುವಂತಿಲ್ಲ ಎಂದಿತು. ಹಾಗಿದ್ದಮೇಲೆ ನಿಗಾ ಆದೇಶ ಎಂಬ ಕಾಗದದ ಹಿಂದೆ ನಿಜವಾದ ನಿಗಾ ಎಷ್ಟಿತ್ತು? ಅವನ ಹಳೆಯ ದಾಖಲೆ ನೋಡಿ ಬಿಡುಗಡೆಯ ಷರತ್ತು ಬಿಗಿ ಮಾಡಿದವರು ಯಾರು, ಮಾಡದವರು ಯಾರು? ಇವಕ್ಕೆ ಉತ್ತರ ಕೊಡಬೇಕಾದವರು ಫೆಡರಲ್ ಕಚೇರಿಗಳಲ್ಲಿದ್ದಾರೆ. ನಮ್ಮ ಮನೆಯ ಹುಲ್ಲು ಕತ್ತರಿಸುವ ಹೊಂಡುರಾಸಿನ ಹುಡುಗನಲ್ಲಿ ಉತ್ತರವಿಲ್ಲ. ಡಿಪಿಎಸ್ ಪಟ್ಟಿಯಲ್ಲೂ ಇಲ್ಲ. ಆ ಪಟ್ಟಿಯಲ್ಲಿ ಇಂಥ ಸಾವು ಕೊಲೆ ಎಂಬ ಕಲಮಿನಡಿ ‘ಒಂದು’ ಎಂದು ಸೇರುತ್ತದೆ, ಅಷ್ಟೇ.

ಲೆಕ್ಕ ಹುಟ್ಟುವ ಬಗೆ

ದೇಶದ ಅಪರಾಧದ ಅಂಕಿಸಂಖ್ಯೆ ಎಂದಾಗ ಎಲ್ಲರೂ ಎಫ್‌ಬಿಐ ಕಡೆ ನೋಡುತ್ತಾರೆ. 1930ರಿಂದ ಅದು ದೇಶದ ಪೊಲೀಸ್ ಠಾಣೆಗಳ ಲೆಕ್ಕ ಕೂಡಿಸುತ್ತಿದೆ. ಅದರಲ್ಲಿ ಬಂಧಿತರ ವಯಸ್ಸು, ಲಿಂಗ, ಜನಾಂಗ ಇದೆ. ಪೌರತ್ವದ ಕಲಮು ಇಲ್ಲ. ರಾಜ್ಯಗಳೂ ಸಾಮಾನ್ಯವಾಗಿ ಬರೆದಿಡುವುದಿಲ್ಲ. ಹಾಗಾಗಿ ‘ಅಮೆರಿಕದಲ್ಲಿ ಅಕ್ರಮ ವಲಸಿಗರ ಅಪರಾಧ ಇಷ್ಟು ಶೇಕಡ’ ಎಂದು ಯಾರಾದರೂ ಇಡೀ ದೇಶದ ಅಂಕಿ ಹೇಳಿದರೆ, ಅದು ಪೊಲೀಸ್ ದಾಖಲೆಯಲ್ಲ, ಯಾರದೋ ಅಂದಾಜು ಎಂದು ತಿಳಿಯಿರಿ.

ಟೆಕ್ಸಾಸ್ ಮಾತ್ರ ಬೇರೆ. 2008ರ ಅಕ್ಟೋಬರಿನಲ್ಲಿ ಫೆಡರಲ್ ಸರ್ಕಾರದ ‘ಸೆಕ್ಯೂರ್ ಕಮ್ಯುನಿಟೀಸ್’ ಯೋಜನೆ ಇಡೀ ದೇಶದಲ್ಲಿ ಮೊದಲು ಶುರುವಾದದ್ದು ನಮ್ಮ ಹ್ಯೂಸ್ಟನ್ನಿನ ಹ್ಯಾರಿಸ್ ಕೌಂಟಿಯಲ್ಲಿ. ಜೈಲಿಗೆ ತಂದವರ ಬೆರಳಚ್ಚು ಎಫ್‌ಬಿಐಗೆ ಹೋಗುತ್ತದೆ, ಅಲ್ಲಿಂದ ತಾಯ್ನಾಡ ಭದ್ರತಾ ಇಲಾಖೆಯ ಬೆರಳಚ್ಚು ಭಂಡಾರಕ್ಕೆ. ಅಲ್ಲಿ ಹೋಲಿಕೆ ಸಿಕ್ಕರೆ ಇವನು ಯಾರು, ಇರಲು ಅನುಮತಿ ಇದೆಯೋ ಇಲ್ಲವೋ ಎಂಬ ಉತ್ತರ ವಾಪಸ್ ಬರುತ್ತದೆ. ಡಿಪಿಎಸ್ ಆ ಉತ್ತರವನ್ನು ಅಪರಾಧ ದಾಖಲೆಯ ಜೊತೆ ಜೋಡಿಸಿ ಇಡುತ್ತದೆ. ದೇಶದ ಸಂಶೋಧಕರೆಲ್ಲ ಟೆಕ್ಸಾಸಿನ ಬಾಗಿಲು ತಟ್ಟುವುದು ಇದಕ್ಕಾಗಿಯೇ.

ಇಲ್ಲೊಂದು ಮಾತು ಗಮನಿಸಿ. ಭಂಡಾರದಲ್ಲಿ ಬೆರಳಚ್ಚು ಮೊದಲೇ ಇದ್ದವರು ಮಾತ್ರ ಹೀಗೆ ಸಿಗುತ್ತಾರೆ. ಎಂದೂ ಗಡಿ ಕಾವಲಿನವರ ಕೈಗೆ ಸಿಗದೆ ನದಿ ದಾಟಿ ಬಂದವನ ಬೆರಳಿಗೆ ಅಲ್ಲಿ ಹೋಲಿಕೆಯಿಲ್ಲ. ಇದರಿಂದ ಲೆಕ್ಕ ಕಡಿಮೆಯೂ ಆಗಬಹುದು, ಅದನ್ನು ಒಪ್ಪೋಣ. ಆದರೆ ಯಾರ ಬೆರಳು ಗ್ಯಾರಂಟಿ ಸಿಗುತ್ತದೆ ಗೊತ್ತೇ? ಚೆನ್ನೈಗೋ ಹೈದರಾಬಾದಿಗೋ ರಾತ್ರಿ ಬಸ್ ಹಿಡಿದು ಹೋಗಿ, ವೀಸಾಕ್ಕೆಂದು ಗಾಜಿನ ಮೇಲೆ ಹತ್ತೂ ಬೆರಳು ಒತ್ತಿ ಬಂದ ನಿಮ್ಮದು, ನಮ್ಮದು. ನಾಳೆ ಕೆಲಸ ಹೋಗಿ, ಅರವತ್ತು ದಿನದ ಗಡುವು ಮುಗಿದು, ಮಕ್ಕಳ ಶಾಲೆ ಮುಗಿಯಲೆಂದು ಎರಡು ತಿಂಗಳು ಹೆಚ್ಚಿಗೆ ಉಳಿದ ತುಮಕೂರಿನ ಇಂಜಿನಿಯರ್ ಒಬ್ಬ ಹೆದ್ದಾರಿಯಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರೆ, ಅವನೂ ಅದೇ ಕೆಂಪು ಅಕ್ಷರದ ಅಂಕಿಗೆ ಸೇರಿಯಾನು. ‘ನಾವು ಬೇರೆ, ಅವರು ಬೇರೆ’ ಎಂಬ ಮಾತು ನಮ್ಮ ಹರಟೆಯಲ್ಲಿದೆ, ಬೆರಳಚ್ಚಿನ ಭಂಡಾರದಲ್ಲಿಲ್ಲ.

ಬಂಧನ ಬೇರೆ, ಅಪರಾಧ ಬೇರೆ

ಟೆಕ್ಸಾಸಿನಲ್ಲಿ ಬಂಧನಕ್ಕೆ ಎಷ್ಟು ಸಣ್ಣ ಕಾರಣ ಸಾಕು? ಆಸ್ಟಿನ್ ಹತ್ತಿರದ ಲಾಗೋ ವಿಸ್ಟಾ ಎಂಬ ಊರಿನಲ್ಲಿ 1997ರಲ್ಲಿ ಒಬ್ಬ ತಾಯಿಯನ್ನು ಸೀಟ್ ಬೆಲ್ಟ್ ಹಾಕಿಲ್ಲವೆಂದು ಕೋಳ ತೊಡಿಸಿ ಒಯ್ದರು. ಆ ತಪ್ಪಿಗಿದ್ದ ದಂಡ ಹೆಚ್ಚೆಂದರೆ 50 ಡಾಲರ್. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ ಐದು-ನಾಲ್ಕರ ಬಹುಮತದಿಂದ ನ್ಯಾಯಾಲಯ, ಬಂಧನ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಅವರು ಇಲ್ಲಿನ ಪೌರರು, ಮನೆಗೆ ಹೋದರು, ದಂಡ ಕಟ್ಟಿದರು, ಕಥೆ ಮುಗಿಯಿತು. ವೀಸಾ ಇರುವವರ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಡಿಪಿಎಸ್ ಪುಟದಲ್ಲಿ ಆರೋಪ ಎಷ್ಟು, ಅದರಲ್ಲಿ ಶಿಕ್ಷೆಯಾದದ್ದು ಎಷ್ಟು ಎಂಬ ಎರಡೂ ಅಂಕಿ ಇವೆ, ಇಲಾಖೆಗೆ ಆ ನ್ಯಾಯ ಸಲ್ಲಬೇಕು. ಆದರೆ ವಾಟ್ಸ್‌ಆ್ಯಪ್ ಚಿತ್ರಕ್ಕೆ ಏರುವುದು ಯಾವುದು? ಯಾವಾಗಲೂ ದೊಡ್ಡದು. ಒಬ್ಬನ ಮೇಲೆ ಮೂರು ಆರೋಪ ಬಿದ್ದರೆ ಅದು ಮೂರು. ಮೂರೂ ವಜಾ ಆದರೂ ಆರೋಪದ ಕಲಮಿನಲ್ಲಿ ಮೂರೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೊರತೆ: ಪಕ್ಕದ ಕಲಮು. ಟೆಕ್ಸಾಸಿನ ಜನಸಂಖ್ಯೆ ಸುಮಾರು ಮೂರು ಕೋಟಿ. ಅದೇ ಅವಧಿಯಲ್ಲಿ ಇಲ್ಲೇ ಹುಟ್ಟಿದ ಪೌರರ ಮೇಲೆ ಬಿದ್ದ ಆರೋಪಗಳೆಷ್ಟು? ಕಾನೂನುಬದ್ಧ ವಲಸಿಗರ ಮೇಲೆ ಎಷ್ಟು? ಲಕ್ಷ ಜನಕ್ಕೆ ಎಷ್ಟು? ಆ ಪುಟ ಹೇಳುವುದಿಲ್ಲ. ಒಬ್ಬ ಬ್ಯಾಟ್ಸ್‌ಮನ್ ಹದಿನಾಲ್ಕು ವರ್ಷದಲ್ಲಿ ಹೊಡೆದ ಒಟ್ಟು ರನ್ ಹೇಳಿ, ಆಡಿದ ಇನಿಂಗ್ಸ್ ಎಷ್ಟೆಂದು ಹೇಳದೆ, ಉಳಿದ ಹತ್ತು ಜನರ ಸ್ಕೋರನ್ನೂ ಮುಚ್ಚಿಟ್ಟರೆ ಚಿನ್ನಸ್ವಾಮಿ ಮೈದಾನದ ಹಿಂದಿನ ಸಾಲಿನವನೂ ಕೂಗು ಹಾಕುತ್ತಾನೆ. ಇಲ್ಲಿ ನಾವು ಪಿಎಚ್‌ಡಿ ಮಾಡಿದವರು, ದಿನವಿಡೀ ಡೇಟಾ ಉಜ್ಜುವ ಕೆಲಸದವರು, ಸುಮ್ಮನೆ ಕೂತಿದ್ದೇವೆ.

ಪಕ್ಕದ ಕಲಮು ತುಂಬಿದವರಿಗೆ ಕಂಡದ್ದು

ಇದೇ ಡಿಪಿಎಸ್ ದಾಖಲೆಗಳನ್ನು ಕೇಳಿ ಪಡೆದು ಲೆಕ್ಕ ಹಾಕಿದವರಿದ್ದಾರೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಮೈಕಲ್ ಲೈಟ್ ಮತ್ತು ಸಂಗಡಿಗರು 2012ರಿಂದ 2018ರವರೆಗಿನ ಗಂಭೀರ ಅಪರಾಧಗಳ ಬಂಧನಗಳನ್ನು ನೋಡಿದರು. 2020ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೆಕ್ಕ ಇದು: ಕಾಗದಪತ್ರ ಇಲ್ಲದವರಿಗೆ ಹೋಲಿಸಿದರೆ ಇಲ್ಲೇ ಹುಟ್ಟಿದ ಪೌರರು ಹಿಂಸೆಯ ಅಪರಾಧಕ್ಕೆ ಬಂಧನವಾಗುವ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು, ಮಾದಕವಸ್ತುವಿಗೆ ಎರಡೂವರೆ ಪಟ್ಟು, ಆಸ್ತಿ ಅಪರಾಧಕ್ಕೆ ನಾಲ್ಕು ಪಟ್ಟಿಗೂ ಹೆಚ್ಚು.

ವಾಷಿಂಗ್ಟನ್ನಿನ ಕೇಟೋ ಸಂಸ್ಥೆ ಎಡಪಂಥೀಯರ ಅಡ್ಡೆಯೇನಲ್ಲ, ಸರ್ಕಾರ ಚಿಕ್ಕದಿರಬೇಕು, ಮಾರುಕಟ್ಟೆ ಮುಕ್ತವಿರಬೇಕು ಎನ್ನುವವರು. ಅಲ್ಲಿನ ಅಲೆಕ್ಸ್ ನೌರಾಸ್ತೆ 2022ರಲ್ಲಿ ಟೆಕ್ಸಾಸಿನ ಕೊಲೆ ಪ್ರಕರಣಗಳಲ್ಲಿ ಶಿಕ್ಷೆಯಾದವರನ್ನು ಎಣಿಸಿದರು. ಲಕ್ಷ ಜನಕ್ಕೆ ಇಲ್ಲೇ ಹುಟ್ಟಿದವರಲ್ಲಿ 4.9, ಅಕ್ರಮ ವಲಸಿಗರಲ್ಲಿ 3.1, ಕಾನೂನುಬದ್ಧ ವಲಸಿಗರಲ್ಲಿ 1.8.

ಇದನ್ನು ಒಪ್ಪದವರೂ ಇದ್ದಾರೆ. ವಲಸೆ ಕಡಿಮೆಯಾಗಬೇಕೆನ್ನುವ ‘ಸೆಂಟರ್ ಫಾರ್ ಇಮಿಗ್ರೇಷನ್ ಸ್ಟಡೀಸ್’ 2022ರಲ್ಲಿ ತಕರಾರು ಎತ್ತಿತು. ಬಂಧನದ ಹೊತ್ತಿಗೆ ಗುರುತು ಸಿಗದೆ, ಆಮೇಲೆ ಸೆರೆಮನೆಯಲ್ಲಿದ್ದಾಗ ಅಕ್ರಮವೆಂದು ಗೊತ್ತಾದವರನ್ನೂ ಕೂಡಿಸಬೇಕು, ಆಗ ಕೊಲೆಯಂಥ ಅಪರಾಧಗಳಲ್ಲಿ ಚಿತ್ರ ತಿರುಗುತ್ತದೆ ಎಂದಿತು. ಕೂಡಿಸುವಾಗ ಒಬ್ಬನನ್ನೇ ಎರಡು ಸಲ ಎಣಿಸಿದಿರಿ ಎಂದು ಕೇಟೋದವರು ಮರುನುಡಿದರು. ಜಗಳ ಅಷ್ಟಕ್ಕೇ ಬಗೆಹರಿದಿಲ್ಲ. ನಮ್ಮ ತೂಕದಲ್ಲಿ ಲೈಟ್ ಮತ್ತು ಕೇಟೋದವರ ವಾದ ಗಟ್ಟಿ. ಆದರೆ ನೋಡಿ, ಎರಡು ಕಡೆಯವರೂ ಹೊಡೆದಾಡುತ್ತಿರುವುದು ರಾಜ್ಯ ಸರ್ಕಾರದ ಬೀರುವಿನಲ್ಲಿರುವ ಒಂದೇ ಕಾಗದದ ಮೇಲೆ. ಎರಡು ಎಣಿಕೆ ಎಲ್ಲೆಲ್ಲಿ ಒಂದರ ಮೇಲೊಂದು ಬೀಳುತ್ತವೆ ಎಂದು ಇಲಾಖೆಯೇ ಸಾಫಾಗಿ ಬಿಡಿಸಿ ಪ್ರಕಟಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಕೆಳಗಿನ ಅಂಕಿ, ಅಂದರೆ ಒಟ್ಟು ಎಷ್ಟು ಜನ ಅಕ್ರಮವಾಗಿ ಇದ್ದಾರೆ ಎನ್ನುವುದೂ ಅಂದಾಜೇ. ಎಷ್ಟು ಅಂದಾಜು ಎಂದರೆ, ನಮ್ಮವರನ್ನೇ ತೆಗೆದುಕೊಳ್ಳಿ. 2022ರಲ್ಲಿ ಅಮೆರಿಕದಲ್ಲಿ ಕಾಗದಪತ್ರ ಇಲ್ಲದ ಭಾರತೀಯರು ಪ್ಯೂ ಸಂಶೋಧನಾ ಕೇಂದ್ರದ ಪ್ರಕಾರ 7,25,000. ತಾಯ್ನಾಡ ಭದ್ರತಾ ಇಲಾಖೆಯ ಪ್ರಕಾರ 2,20,000. ಮೂರು ಪಟ್ಟಿಗೂ ಮೀರಿದ ವ್ಯತ್ಯಾಸ! ಒಂದೇ ಸಂಖ್ಯೆಯ ಬಂಧನಗಳನ್ನು ಈ ಎರಡರಿಂದ ಭಾಗಿಸಿ ನೋಡಿ. ಒಂದರಲ್ಲಿ ಭಾರತೀಯರು ಸಾಧುಗಳು, ಇನ್ನೊಂದರಲ್ಲಿ ಪುಂಡರು. ಮೆಕ್ಸಿಕೋ, ಎಲ್ ಸಾಲ್ವಡಾರ್‌ಗಳ ಜೊತೆಗೆ ಆ ವರ್ಷದ ಲೆಕ್ಕದಲ್ಲಿ ಮೊದಲ ಮೂರರಲ್ಲಿ ಭಾರತವನ್ನೂ ಪ್ಯೂ ಇಟ್ಟಿತ್ತು ಎಂಬುದು ‘ಅವರೆಲ್ಲ ಅಕ್ರಮದವರು’ ಎನ್ನುವ ನಮ್ಮ ಗುಂಪುಗಳಲ್ಲಿ ಯಾಕೋ ಓಡಾಡುವುದೇ ಇಲ್ಲ.

13,099

ಈ ಅಂಕಿ ನಿಮ್ಮ ಫೋನಿಗೂ ಬಂದಿರುತ್ತದೆ. 2024ರ ಸೆಪ್ಟೆಂಬರಿನಲ್ಲಿ ವಲಸೆ ಜಾರಿ ಸಂಸ್ಥೆ, ಅಂದರೆ ಐಸ್, ಟೆಕ್ಸಾಸಿನ ಸಂಸದ ಟೋನಿ ಗೊನ್ಸಾಲೆಸ್ ಅವರಿಗೆ ಪತ್ರ ಬರೆಯಿತು. ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಗಿ, ಐಸ್ ವಶದಲ್ಲಿ ಇಲ್ಲದ ವಿದೇಶಿಯರು 13,099 ಜನ ಎಂದು. ಅದು ಹೊರಬೀಳುತ್ತಲೇ ‘ಮೂರು ವರ್ಷದಲ್ಲಿ 13 ಸಾವಿರ ಕೊಲೆಗಡುಕರನ್ನು ಒಳಬಿಟ್ಟು ಬೀದಿಗೆ ಬಿಟ್ಟಿದ್ದಾರೆ’ ಎಂಬ ಸುದ್ದಿ ಹಬ್ಬಿತು. ಆ ಲೆಕ್ಕ ಹಲವು ದಶಕಗಳಲ್ಲಿ ಬಂದವರನ್ನೆಲ್ಲ ಕೂಡಿಸಿದ್ದು. ‘ಐಸ್ ವಶದಲ್ಲಿ ಇಲ್ಲ’ ಎಂದರೆ ಬೀದಿಯಲ್ಲಿದ್ದಾರೆ ಎಂದಲ್ಲ, ರಾಜ್ಯದ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸುತ್ತಿರುವವರೂ ಅದರಲ್ಲಿದ್ದಾರೆ. ತಾಯ್ನಾಡ ಭದ್ರತಾ ಇಲಾಖೆ ಹೀಗೆಂದು ವಿವರಿಸಿದ್ದನ್ನು ಯಾರೂ ಚಿತ್ರ ಮಾಡಿ ಕಳಿಸಲಿಲ್ಲ. ಹೊರಗಿರುವವರೂ ಇದ್ದಾರೆ ನಿಜ. ಎಷ್ಟು? ಅದನ್ನೇ ಬಿಡಿಸಿ ಹೇಳಿ ಎನ್ನುವುದು ನಮ್ಮ ಹಕ್ಕೊತ್ತಾಯ.

‘ದಾಖಲೆಯಲ್ಲಿ ಹೆಸರಿದೆ’ ಎನ್ನುವುದು ನಮ್ಮ ಮಕ್ಕಳ ಮೇಲೆ ಬಿದ್ದಾಗ

2025ರ ಏಪ್ರಿಲ್ ನೆನಪಿದೆಯಲ್ಲ? ಸರ್ಕಾರ ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರನ್ನು ಎಫ್‌ಬಿಐಯ ಅಪರಾಧ ಮಾಹಿತಿ ಕೋಶದಲ್ಲಿ ಓಡಿಸಿತು. ಸುಮಾರು 6,400 ಹೊಂದಿಕೆ ಬಿದ್ದವು. ವಾರಗಳಲ್ಲಿ 4,700ಕ್ಕೂ ಹೆಚ್ಚು ವಿದ್ಯಾರ್ಥಿಗಳ ವಲಸೆ ದಾಖಲೆ ರದ್ದಾಯಿತು. ಅವರಲ್ಲಿ ಅನೇಕರ ಪ್ರಕರಣ ಎಂದೋ ವಜಾ ಆಗಿತ್ತು. ಕೆಲವರದು ಬರೀ ಸಂಚಾರ ನಿಯಮದ ತಪ್ಪು. ವಲಸೆ ವಕೀಲರ ಸಂಘ ಆ ದಿನಗಳಲ್ಲಿ ಕಲೆಹಾಕಿದ 327 ವರದಿಗಳಲ್ಲಿ ಅರ್ಧದಷ್ಟು ಭಾರತೀಯ ವಿದ್ಯಾರ್ಥಿಗಳವು. ಹಾಸನದ, ಹುಬ್ಬಳ್ಳಿಯ ಮನೆಗಳಲ್ಲಿ ಸೈಟು ಅಡವಿಟ್ಟು ಸಾಲ ತೆಗೆದು ಮಗಳನ್ನು ಓದಲು ಕಳಿಸಿದವರಿಗೆ ‘ಅಮ್ಮಾ, ನನ್ನ ಸ್ಟೇಟಸ್ ಹೋಯ್ತು’ ಎಂಬ ಫೋನ್ ಬಂದರೆ ಹೇಗಿರುತ್ತದೆ, ಯೋಚಿಸಿ. ದೇಶದುದ್ದಕ್ಕೂ ಮೊಕದ್ದಮೆ ಬಿದ್ದು, ನ್ಯಾಯಾಧೀಶರು ಒಬ್ಬರಾದ ಮೇಲೊಬ್ಬರು ತಡೆ ಕೊಟ್ಟ ಮೇಲೆ, ಏಪ್ರಿಲ್ 25ರಂದು ಸರ್ಕಾರ ದಾಖಲೆಗಳನ್ನು ಮರಳಿ ಜಾರಿ ಮಾಡುವುದಾಗಿ ಕೋರ್ಟಿಗೆ ಹೇಳಿತು.

ಆಗ ನಾವೆಲ್ಲ ಏನೆಂದೆವು? ‘ಬಂಧನವಾದ ಮಾತ್ರಕ್ಕೆ ಅಪರಾಧಿಯೇ? ಕೇಸು ವಜಾ ಆಗಿದೆಯಲ್ಲ?’ ಎಂದೆವು. ಸರಿಯಾಗಿಯೇ ಹೇಳಿದೆವು. ಆ ನ್ಯಾಯ ನಮ್ಮ ಮಕ್ಕಳಿಗೆ ಒಂದು, ಗ್ವಾಟೆಮಾಲಾದ ಗಾರೆ ಕೆಲಸದವನ ಮಗನಿಗೆ ಇನ್ನೊಂದು ಆಗಲಾರದು. 2025ರ ಜನವರಿ 29ಕ್ಕೆ ಸಹಿಯಾದ ಲೇಕನ್ ರೈಲಿ ಕಾಯ್ದೆಯ ಪ್ರಕಾರ, ಅನುಮತಿಯಿಲ್ಲದೆ ಒಳಬಂದವನ ಮೇಲೆ ಅಂಗಡಿ ಕಳ್ಳತನದ ಆರೋಪ ಬಿದ್ದರೂ, ಬರೀ ಬಂಧನವಾದರೂ, ಅವನನ್ನು ಹಿಡಿದಿಡುವುದು ಕಡ್ಡಾಯ. ಸಾಬೀತಾಗುವತನಕ ಕಾಯಬೇಕಿಲ್ಲ. ಅದೇ ವರ್ಷ ಟೆಕ್ಸಾಸ್ ಶಾಸನಸಭೆ, ಜೈಲು ನಡೆಸುವ ಕೌಂಟಿ ಶೆರಿಫ್‌ಗಳು ಐಸ್ ಜೊತೆ ಒಪ್ಪಂದ ಮಾಡಿಕೊಳ್ಳಲೇಬೇಕೆಂಬ ಕಾನೂನನ್ನೂ ತಂದಿತು. ಬಂಧನದ ಒಂದು ಸಾಲಿಗೆ ಹಿಂದೆಂದಿಗಿಂತ ಹೆಚ್ಚು ಬೆಲೆ ಬಂದಿರುವ ಕಾಲ ಇದು. ಆ ಸಾಲನ್ನು ಬರೆಯುವವರು, ಎಣಿಸುವವರು ಅಷ್ಟೇ ಎಚ್ಚರದಿಂದ ಇರಬೇಡವೇ?

ಊರಿನ ಮಾತೂ ಒಂದು ಬಂದುಬಿಡಲಿ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಹತ್ತಿರ, ಕರಿಯಮ್ಮನ ಅಗ್ರಹಾರದಲ್ಲಿ ‘ಅಕ್ರಮ ಬಾಂಗ್ಲಾದೇಶಿಗಳು’ ಎಂದು ಕೂಲಿಕಾರರ ಶೆಡ್ಡುಗಳನ್ನು ಜೆಸಿಬಿ ತಂದು ಕೆಡವಿದರು. ಅಲ್ಲಿದ್ದವರ ಕೈಯಲ್ಲಿ ಆಧಾರ್, ಮತದಾರರ ಚೀಟಿ ಇದ್ದವು. ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು. ಹೈಕೋರ್ಟ್ ಮಧ್ಯೆ ಬಂದು ತಡೆಯಬೇಕಾಯಿತು. ಲೆಕ್ಕವಿಲ್ಲದೆ ಹಬ್ಬಿದ ಒಂದು ವಿಡಿಯೋ ಅಷ್ಟಕ್ಕೆ ಸಾಕಾಯಿತು.

‘ಒಂದು ಕೊಲೆಯಾದರೂ ಹೆಚ್ಚೇ ಅಲ್ಲವೇ?’

ಹೌದು. ಇಲ್ಲಿ ಇರಬಾರದಿದ್ದವನು ಮಾಡಿದ ಒಂದು ಅಪರಾಧವೂ ಆಗದಿರಬಹುದಿತ್ತು ಎನ್ನುವ ವಾದದಲ್ಲಿ ಹುರುಳಿದೆ. ಗಡಿ ಬಿಗಿಯಾಗಬೇಕು ಎನ್ನುವವರು ನಮ್ಮಲ್ಲೂ ಇದ್ದಾರೆ, ಈ ಕರಪತ್ರ ಅಚ್ಚು ಹಾಕಿಸಿದವರಲ್ಲೂ ಇದ್ದಾರೆ. ಆ ವಾದ ಮಾಡಿ. ಕಾಲೂರಿ ಮಾಡಿ. ಅದಕ್ಕೆ ‘ವಲಸಿಗರು ಉಳಿದವರಿಗಿಂತ ಹೆಚ್ಚು ಅಪರಾಧ ಮಾಡುತ್ತಾರೆ’ ಎಂಬ ಆಸರೆ ಬೇಕಿಲ್ಲ, ಆ ಆಸರೆಗೆ ಗಟ್ಟಿ ಪುರಾವೆಯೂ ಇಲ್ಲ. ಇಂದು ನಿನ್ನೆಯ ಸಂಗತಿಯಲ್ಲ ಇದು. ವಲಸೆಯನ್ನು ತಗ್ಗಿಸಬೇಕೆಂದೇ ಶಿಫಾರಸು ಮಾಡಿದ 1911ರ ಡಿಲ್ಲಿಂಗ್‌ಹ್ಯಾಮ್ ಆಯೋಗಕ್ಕೂ ವಲಸೆಯಿಂದ ಅಪರಾಧ ಮಿತಿಮೀರಿ ಹೆಚ್ಚಿತೆಂಬುದಕ್ಕೆ ತೃಪ್ತಿಕರ ಪುರಾವೆ ಸಿಗಲಿಲ್ಲ. ಭಾರತೀಯರನ್ನು ಅದು ಬಾಯಿಗೆ ಬಂದಂತೆ ಹೀಗಳೆದಿತ್ತು ಎಂಬುದೂ ನೆನಪಿರಲಿ. 1931ರಲ್ಲಿ ವಿಕರ್‌ಶ್ಯಾಮ್ ಆಯೋಗ ಅಪರಾಧದ ಪ್ರಶ್ನೆಯನ್ನೇ ಮತ್ತೆ ಕೆದಕಿ, ವಿದೇಶದಲ್ಲಿ ಹುಟ್ಟಿದವರು ತಮ್ಮ ಸಂಖ್ಯೆಗೆ ತಕ್ಕಷ್ಟೂ ಅಪರಾಧ ಮಾಡುತ್ತಿಲ್ಲ ಎಂದಿತು. 1870ರಿಂದ 2020ರವರೆಗಿನ ಜನಗಣತಿಗಳನ್ನು ಜಾಲಾಡಿದ ರಾನ್ ಅಬ್ರಾಮಿಟ್ಸ್ಕಿ, ಲೀಯಾ ಬೌಸ್ಟನ್ ಮತ್ತು ಸಂಗಡಿಗರಿಗೆ, ವಲಸಿಗರು ಸೆರೆಮನೆ ಸೇರುವ ಪ್ರಮಾಣ ಇಲ್ಲೇ ಹುಟ್ಟಿದವರಿಗಿಂತ ಹೆಚ್ಚಿದ್ದ ಕಾಲವೇ ಆ 150 ವರ್ಷಗಳಲ್ಲಿ ಕಾಣಲಿಲ್ಲ.

ಈಗ ಮಾಡಬೇಕಾದದ್ದು

ಮೊದಲ ಕೆಲಸ, ಅರ್ಜಿ. ಊರಿನಲ್ಲಿ ಮಾಹಿತಿ ಹಕ್ಕು ಇದ್ದಂತೆ ಇಲ್ಲಿ ಟೆಕ್ಸಾಸ್ ಸಾರ್ವಜನಿಕ ಮಾಹಿತಿ ಕಾಯ್ದೆ ಇದೆ, ಸರ್ಕಾರಿ ಸಂಹಿತೆಯ 552ನೇ ಅಧ್ಯಾಯ. ಅರ್ಜಿ ಹಾಕಲು ಪೌರತ್ವ ಬೇಕಿಲ್ಲ. ಯಾಕೆ ಬೇಕು ಎಂದು ಅವರು ಕೇಳುವಂತಿಲ್ಲ. ಕೇಳಿದ ದಾಖಲೆಯನ್ನು ತಡಮಾಡದೆ ಕೊಡಬೇಕು, ಕೊಡುವುದಿಲ್ಲವೆಂದರೆ ಹತ್ತು ಕೆಲಸದ ದಿನದೊಳಗೆ ಅಟಾರ್ನಿ ಜನರಲ್ ಅವರ ಅಭಿಪ್ರಾಯ ಕೇಳಬೇಕು. ಖರ್ಚು 40 ಡಾಲರ್ ದಾಟುವಂತಿದ್ದರೆ ಮೊದಲೇ ಅಂದಾಜು ಪಟ್ಟಿ ಕೊಡಬೇಕು. ಒಂದು ಎಚ್ಚರಿಕೆ: ‘ಏಕೆ ಹೀಗೆ?’ ಎಂದು ಪ್ರಶ್ನೆ ಬರೆಯಬೇಡಿ, ಪ್ರಶ್ನೆಗೆ ಉತ್ತರಿಸುವ ಬಾಧ್ಯತೆ ಅವರಿಗಿಲ್ಲ, ಇರುವ ದಾಖಲೆ ಕೊಡುವ ಬಾಧ್ಯತೆ ಮಾತ್ರ ಇದೆ. ಹೀಗೆ ಬರೆಯಿರಿ: 2012ರಿಂದ ಈಚೆಗೆ, ವರ್ಷವಾರು, ಅಪರಾಧವಾರು, ಬಂಧನ, ಆರೋಪ, ಶಿಕ್ಷೆ, ವಜಾ ಇವುಗಳ ಸಂಖ್ಯೆ ಇರುವ ದಾಖಲೆಗಳು, ಅಕ್ರಮ ವಲಸಿಗರು, ಕಾನೂನುಬದ್ಧ ವಲಸಿಗರು, ಉಳಿದ ಎಲ್ಲರು ಎಂದು ಮೂರು ಕಲಮುಗಳಲ್ಲಿ, ಸೆರೆಮನೆಯಲ್ಲಿ ಆಮೇಲೆ ಗುರುತಾದವರ ಸಂಖ್ಯೆ ಪ್ರತ್ಯೇಕವಾಗಿ, ಎರಡು ಕಡೆ ಎಣಿಕೆಯಾದವರನ್ನು ಬಿಡಿಸಿ. ಕೇಟೋದವರು ದಾಖಲೆ ಪಡೆದದ್ದು ಇಂಥದೇ ಅರ್ಜಿಯಿಂದ. ವೀಸಾದ ಮೇಲಿದ್ದು ಹೆಸರು ಹಾಕಲು ಹೆದರಿಕೆಯೇ? ಹೆದರಿಕೆಗೆ ಈಗ ಕಾರಣವಿದೆ, ನಾಚಿಕೆ ಬೇಡ. ಪೌರತ್ವ ಪಡೆದ ಭಾವನೋ ಅತ್ತಿಗೆಯೋ ಕಳಿಸಲಿ.

ಎರಡನೆಯದು, ಪತ್ರ. ಟೆಕ್ಸಾಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ ಸೇರುತ್ತದೆ, 140 ದಿನ ನಡೆಯುತ್ತದೆ. ಮುಂದಿನ ನಿಯಮಿತ ಅಧಿವೇಶನ 2027ರ ಜನವರಿ 12ಕ್ಕೆ. ನಿಮ್ಮ ಕ್ಷೇತ್ರದ ಪ್ರತಿನಿಧಿ ಯಾವ ಪಕ್ಷದವರಾದರೂ ಸರಿ, ಒಂದೇ ಬೇಡಿಕೆ ಇಡಿ: ಡಿಪಿಎಸ್ ಈ ಲೆಕ್ಕ ಪ್ರಕಟಿಸಲಿ, ಆದರೆ ಪಕ್ಕದ ಕಲಮಿನ ಜೊತೆ ಪ್ರಕಟಿಸಲಿ. ಕಡಿಮೆ ಮಾಹಿತಿ ಕೇಳುತ್ತಿಲ್ಲ ನಾವು, ಹೆಚ್ಚು ಕೇಳುತ್ತಿದ್ದೇವೆ. ಇದಕ್ಕೆ ಇಲ್ಲವೆನ್ನಲು ಯಾರಿಗೂ ಸುಲಭದ ಕಾರಣ ಸಿಗುವುದಿಲ್ಲ.

ಮೂರನೆಯದು ಮನೆಯ ಮಟ್ಟಿನದು, ಮಕ್ಕಳಿಗೆ ಓದಿ ಹೇಳಿ. ಕುಡಿದು ಕಾರು ಓಡಿಸಿ ಬಂಧನವಾದರೆ ಶಿಕ್ಷೆಯಾಗುವ ಮೊದಲೇ ವೀಸಾ ರದ್ದು ಮಾಡುವ ಪದ್ಧತಿ 2015ರಿಂದಲೇ ಇದೆ. ಅಂಗಡಿಯಲ್ಲಿ ಬಿಲ್ ಮಾಡದೆ ಹೊರಗೆ ತಂದ ವಸ್ತು ಹತ್ತು ಡಾಲರಿನದಾದರೂ ಅದು ಕಳ್ಳತನದ ಪ್ರಕರಣ. ಟೆಕ್ಸಾಸಿನಲ್ಲಿ ‘ಡಿಫರ್ಡ್ ಅಡ್ಜುಡಿಕೇಷನ್’, ಅಂದರೆ ತೀರ್ಪು ಮುಂದೂಡುವ ಏರ್ಪಾಡು, ಒಪ್ಪಿಕೊಂಡರೆ ರಾಜ್ಯದ ಕಣ್ಣಿಗೆ ಅದು ಶಿಕ್ಷೆಯಲ್ಲ, ವಲಸೆ ಕಾನೂನಿನ ಕಣ್ಣಿಗೆ ಶಿಕ್ಷೆಯೇ. ಒಪ್ಪಿಕೊಳ್ಳುವ ಮುಂಚೆ ವಲಸೆ ವಕೀಲರನ್ನು ಕೇಳಿ. ಕ್ರಿಮಿನಲ್ ವಕೀಲರು ಗಡೀಪಾರಿನ ಅಪಾಯವನ್ನು ಹೇಳಲೇಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ, ಅವರು ಹೇಳದಿದ್ದರೆ ನೀವೇ ಕೇಳಿ. ಕೇಸು ವಜಾ ಆಯಿತೋ, ಕೋರ್ಟಿನ ಮೊಹರು ಬಿದ್ದ ಅಂತಿಮ ಆದೇಶದ ನಕಲನ್ನು ಅಂದೇ ತೆಗೆದಿಡಿ. ದಾಖಲೆ ಅಳಿಸಲು ಅರ್ಜಿ ಹಾಕುವವರು ಅದಕ್ಕಿಂತ ಮೊದಲು ಈ ನಕಲು ಮಾಡಿಸಿಕೊಳ್ಳಿ. ಅಳಿಸಿದ ಮೇಲೂ ವಲಸೆ ಇಲಾಖೆ ಅದನ್ನು ಕೇಳುತ್ತದೆ, ಆಗ ಕೋರ್ಟಿನಲ್ಲಿ ಕಾಗದ ಇರುವುದಿಲ್ಲ.

ನಾಲ್ಕನೆಯದಕ್ಕೆ ಖರ್ಚಿಲ್ಲ. ಮುಂದಿನ ಸಲ ಆ ಕೆಂಪು ಅಕ್ಷರದ ಚಿತ್ರ ಗುಂಪಿಗೆ ಬಂದಾಗ, ಜಗಳ ತೆಗೆಯಬೇಡಿ, ಹಿರಿಯರಿದ್ದರೆ ‘ಮಾವಾ’, ‘ಚಿಕ್ಕಪ್ಪಾ’ ಎಂದೇ ಕರೆದು ಮೂರು ಪ್ರಶ್ನೆ ಕೇಳಿ. ಎಷ್ಟು ವರ್ಷದ ಲೆಕ್ಕ ಇದು? ಬಂಧನವೋ, ಶಿಕ್ಷೆಯೋ? ಲಕ್ಷ ಜನಕ್ಕೆ ಎಷ್ಟು, ಉಳಿದವರಲ್ಲಿ ಎಷ್ಟು?

ಕರಪತ್ರದ ಜೊತೆಗಿರುವ ಹಾಳೆಯಲ್ಲಿ ಅರ್ಜಿಯ ಮಾದರಿ ಇಂಗ್ಲಿಷಿನಲ್ಲಿದೆ. ಹೆಸರು, ವಿಳಾಸ ತುಂಬಿ ಈ ವಾರವೇ ಡಿಪಿಎಸ್‌ಗೆ ಕಳಿಸಿ. ಉತ್ತರ ಬಂದರೆ, ಬಾರದಿದ್ದರೂ, ಮುಂದಿನ ಸಂಘದ ಸಭೆಗೆ ಅದನ್ನು ಹಿಡಿದುಕೊಂಡು ಬನ್ನಿ.

— ಡಾಲಸ್, ಹ್ಯೂಸ್ಟನ್, ಆಸ್ಟಿನ್‌ನ ಕೆಲವು ಕನ್ನಡಿಗರು